ಲಿಂಡ್‌ರೋಡ್ ವಂಶಾವಳಿಯಿಂದ ಕೆರೆದು ತೆಗೆದ ಮಗು

ಇದು ನಮ್ಮ ದೊಡ್ಡಪ್ಪನ ಮಗ ಲೇಬರೆಕ್ಟ್‌ಗೆ ಆದದ್ದು. ಯಾರೋ ಹೇಳಿದ್ದಲ್ಲ, ಅವನೇ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು.

ನವೆಂಬರ್ ತಿಂಗಳು. ಅವನು ಅರಮನೆಯಿಂದ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಲಿಂಡನ್ ಮರದ ಕೆಳಗಿನ ಬಾವಿ ಹತ್ತಿರ ಬಂದ. ಹಿಂದೆ ಏನೋ ಶಬ್ದ... ಕರ್... ಕರ್... ನಿಂತರೆ ನಿಲ್ಲುತ್ತೆ. ನಡೆದರೆ ಮತ್ತೆ ಶುರು. ಆ ಶಬ್ದ ಅವನಿಗೆ ಚೆನ್ನಾಗಿ ಗೊತ್ತು. ಚರ್ಮದ ಹಾಳೆಯ ಮೇಲಿನ ಮಸಿಯನ್ನು ಚಾಕುವಿನಲ್ಲಿ ಕೆರೆಯುವ ಶಬ್ದ. ಆ ಸಂಜೆಯೆಲ್ಲ ಅವನು ಮಾಡಿದ್ದು ಅದೇ ಕೆಲಸ.

ಲಿಂಡ್‌ರೋಡ್ ರಾಜರ ವಂಶಾವಳಿ ಬರೆಯುತ್ತಿದ್ದವನು ಅವನು. ಅವನ ತಂಗಿ ಒಟೀಲಿಯ. ನಮ್ಮದು ಕುದುರೆ ಜೀನು ಹೊಲಿಯೋ ಮನೆತನ. ಆದರೂ ರಾಜಕುಮಾರ ಎಗಾನ್ ಅವಳನ್ನು ಮೆಚ್ಚಿ, ಚರ್ಚಿನಲ್ಲೇ ಉಂಗುರ ತೊಡಿಸಿ ಮದುವೆಯಾದ. ಗಂಡುಮಗು ಆಯಿತು. ಅಲ್ಲಿಗೆ ಶುರುವಾಯಿತು ನೋಡಿ. ಗದ್ದಿಗೆ ಏರುವವನಿಗೆ ತಾಯಿ ಕಡೆಯೂ ಹಳೇ ದೊಡ್ಡ ಮನೆತನವೇ ಬೇಕಂತೆ. ನಮ್ಮ ಒಟೀಲಿಯಗೆ ಅಜ್ಜನ ಅಪ್ಪ ಯಾರೆಂದೇ ಗೊತ್ತಿಲ್ಲ. ಎಗಾನ್ ಅಪ್ಪನ ಮಾತಿಗೆ ತಲೆಯಾಡಿಸಿದ. ಅವಳನ್ನೂ ಮಗುವನ್ನೂ ಹೆಬ್ಬಾಗಿಲ ಕಾವಲುಗಾರನ ಮನೆಗೆ ಸಾಗಿಸಿದರು. ನಾಲ್ಕು ವರ್ಷದ ಮಗು ಗಂಟಲುಬೇನೆಗೆ ಹೋಯಿತು. ಅವಳು ಅನ್ನಾಹಾರ ಬಿಟ್ಟಳು. ತಿಂಗಳೊಳಗೆ ಅವಳನ್ನೂ ಹೂತೆವು.

ಆಮೇಲೆ ಎಗಾನ್‌ಗೆ ದೊಡ್ಡ ಮನೆತನದ ಹೆಣ್ಣು ಗೊತ್ತಾಯಿತು. ಬೀಗರು ವಂಶಾವಳಿ ನೋಡಲು ಬರುವವರಿದ್ದರು. ಮುದಿ ರಾಜ ಲೇಬರೆಕ್ಟ್‌ನನ್ನು ಕರೆಸಿ, ಪುಸ್ತಕದಲ್ಲಿ ಆ ಎರಡು ಹೆಸರು ಇರಕೂಡದು ಎಂದ. ಹಾಗೆ ಮಾಡಿದರೆ ಇವನಿಗೆ ಆಸ್ಥಾನದ ಕಾರ್ಯದರ್ಶಿ ಪದವಿಯಂತೆ. ಇವನು ಚಾಕು ಮಸೆದ.

ಆ ರಾತ್ರಿ ಅವನು ತಿರುಗಿ ನೋಡಿದರೆ ಬಾವಿಕಟ್ಟೆ ಮೇಲೆ ಒಟೀಲಿಯ ಕೂತಿದ್ದಳು... ಹೂಳುವಾಗ ನಾನೇ ಉಡಿಸಿದ್ದ ಬೂದು ಉಡುಪು.

"ಅಣ್ಣ..." ಪಿಸುದನಿ. "ಇಬ್ಬರದ್ದೂ ತೆಗೆದ್ಯಾ?"

"ಅಪ್ಪಣೆ ಆಗಿತ್ತು ಕಣೇ."

"ನಂದು ಹೋಗ್ಲಿ, ನಾನು ಜೀನು ಹೊಲಿಯೋರ ಮಗಳಾಗಿ ಉಳೀತೀನಿ. ಅವನಿಗೆ ಆ ಪುಸ್ತಕ ಬಿಟ್ರೆ ಬೇರೆ ಮನೆ ಇರ್ಲಿಲ್ಲ. ಅವಂದ್ಯಾಕೆ ತೆಗೆದೆ?"

ಇವನು ತಲೆ ತಗ್ಗಿಸಿದ.

"ಅಲ್ಲೆಲ್ಲೋ ಕತ್ತಲಲ್ಲಿ ಅಳ್ತಿದಾನೆ, ಅಣ್ಣ... ಏನಂತ ಕರೀಲಿ? ಬಾಯಿಗೇ ಬರ್ತಿಲ್ಲ. ನೀನೇ ಹೇಳು."

ಲೇಬರೆಕ್ಟ್ ಬಾಯಿ ತೆರೆದ... ಬರಲಿಲ್ಲ. ದೀಕ್ಷಾಸ್ನಾನದ ದಿನ ಆ ಮಗುವನ್ನು ಹಿಡಿದು ನಿಂತವನು ಅವನೇ. ಪುಸ್ತಕದಲ್ಲಿ ಹೆಸರು ಬರೆದವನೂ ಅವನೇ. ಎಷ್ಟು ತಿಣುಕಿದರೂ ಮೊದಲ ಅಕ್ಷರ ಕೂಡ ನೆನಪಾಗಲಿಲ್ಲ. ತಲೆ ಎತ್ತಿ ನೋಡಿದರೆ ಕಟ್ಟೆ ಖಾಲಿ.

ಬೆಳಗಾಗುತ್ತಲೇ ಎಗಾನ್ ಹತ್ತಿರ ಓಡಿದ. ದೊರೆ, ನಿಮ್ಮ ಮಗನ ಹೆಸರೊಂದು ಹೇಳಿಬಿಡಿ, ಮತ್ತೆ ಬರೆದುಬಿಡ್ತೀನಿ ಅಂತ ಬೇಡಿದ. ಎಗಾನ್ ನಗಲು ಹೋದ. ಆಮೇಲೆ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದು ಕೂತ. "ಹೊರಗೆ ಹೋಗು" ಎಂದನಂತೆ.

ಪಾದ್ರಿಯನ್ನು ಕೇಳಿದ. ಸೂಲಗಿತ್ತಿಯನ್ನು ಕೇಳಿದ. ಕೊನೆಗೆ ನನ್ನಲ್ಲಿಗೆ ಬಂದ. ನನ್ನ ಮಡಿಲಲ್ಲಿ ಆಡಿದ ಕೂಸು... ಅದರ ಕೆನ್ನೆಯ ಗುಳಿ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರು ಮಾತ್ರ ನನಗೂ ಬರಲಿಲ್ಲ.

ಮದುವೆ ನಡೆಯಿತು. ಮೂರು ದಿನ ಗಂಟೆ ಬಾರಿಸಿದರು. ಬೀಗರು ವಂಶಾವಳಿಯ ಅಕ್ಷರ ನೋಡಿ ಹೊಗಳಿದರು. ಲೇಬರೆಕ್ಟ್‌ಗೆ ಪದವಿಯೂ ಸಿಕ್ಕಿತು. ರಾತ್ರಿಯಾದರೆ ಬಾವಿಕಟ್ಟೆ ಮೇಲೆ ಕೂತು ಒಂದೊಂದೇ ಹೆಸರು ಕೂಗುತ್ತಿದ್ದ. ಯೋಹಾನ್... ಮ್ಯಾಥಿಸ್... ವೈಟ್... ಹನ್ನೆರಡು ವರ್ಷ. ಅಲ್ಲೇ ಒಂದು ಬೆಳಗ್ಗೆ ಮಂಜಿನಲ್ಲಿ ಸೆಟೆದು ಬಿದ್ದಿದ್ದ.

ನಂಬದಿದ್ದರೆ ಬಿಡಿ. ಚರ್ಚಿನ ಹಿಂದೆ, ಬಡಗು ಗೋಡೆ ಪಕ್ಕ ಮಗುವಿನ ಸಮಾಧಿ ಇದೆ. ಹುಟ್ಟಿದ ದಿನ ಕೆತ್ತಿದೆ, ಸತ್ತ ದಿನವೂ ಕೆತ್ತಿದೆ. ಮೇಲೊಂದು ಗೇಣು ಜಾಗ ನುಣ್ಣಗಿದೆ. ಉಳಿ ತಾಗಿದ ಗುರುತಿಲ್ಲ. ಕಲ್ಲಿಗೆಲ್ಲ ಪಾಚಿ ಹತ್ತಿದೆ, ಅಲ್ಲಿ ಮಾತ್ರ ಹತ್ತಿಲ್ಲ. ಕಳೆದ ಭಾನುವಾರವೂ ಹೋಗಿ ನೋಡಿಬಂದೆ.