ಮದುವೆ ಫೋಟೋದ ಹಲ್ಲು

"ಬಾಯಿ ತುಂಬ ಕಬ್ಬಿಣದ ಅಂಗಡಿ ಇಟ್ಕೊಂಡು ನನ್ನ ಮದುವೆ ಫೋಟೋಕ್ಕೆ ನಿಲ್ತೀಯಾ?"

ಅಮೆರಿಕದ ಡುಲೂತ್ ಊರಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಲಾರಿ ಚಾಲಕ ವೆಂಡೆಲ್ ತಲೆ ಎತ್ತಿದ. ಎದುರು ಬೆಂಚಿನ ಹುಡುಗಿ ತನ್ನ ತಾಯಿಯನ್ನು ಗದರುತ್ತಿದ್ದಳು.

"ಹುಳುಕು ಹಲ್ಲಿಗೆ ತುಂಬಿಸಿದ ಲೋಹ ಇನ್ನೂ ಗಟ್ಟಿಯಾಗಿದೆ ಕಣೇ. ಸುಮ್ನೆ ಕೊರೆದು ತೆಗೆದ್ರೆ ಹಲ್ಲೂ ಒಂದಿಷ್ಟು ಹೋಗುತ್ತೆ ಅಂತ ಡಾಕ್ಟರೇ ಅಂದ್ರಲ್ಲ."

"ಹೋದ್ರೆ ಹೋಗ್ಲಿ, ಹಲ್ಲಿನ ಬಣ್ಣದ್ದು ತುಂಬಿಸ್ಕೋ. ನೀನು ನಕ್ರೆ ಗಂಟಲವರೆಗೂ ಕರಿ ಕಾಣುತ್ತೆ."

"ಹಂಗಾದ್ರೆ ನಗಲ್ಲ ಬಿಡು."

"ನಗದೆ ನಿಂತ್ರೆ ಹೆಣ ನೋಡೋಕೆ ಬಂದವಳ ಥರ ಇರ್ತೀಯ. ನನ್ನ ಮದುವೆ ಆಗೋ ಬ್ರೆಂಟ್ ಅವರಮ್ಮನ ಹಲ್ಲು ನೋಡು, ಮುತ್ತು! ಅವರ ಪಕ್ಕ ನಿನ್ನ ನಿಲ್ಲಿಸೋಕೆ ನಂಗೆ ನಾಚಿಕೆ."

"ನಿನ್ನ ಹಲ್ಲು ನೆಟ್ಟಗಾಗ್ಲಿ ಅಂತ ತಂತಿ ಹಾಕಿಸಿದ ವರ್ಷಾನೇ ನಾನು ಈ ಅಗ್ಗದ್ದು ಹಾಕಿಸ್ಕೊಂಡಿದ್ದು."

"ನಾನೇನು ಕೇಳಿದ್ನಾ?"

ಹುಡುಗಿಗೆ ಒಂದೇಟು ಬಿಗಿಯಲು ವೆಂಡೆಲ್‌ನ ಕೈ ತುರಿಸಿತು.

"ಆರ್ಲೀನ್!" ನರ್ಸ್ ಬಾಗಿಲಲ್ಲಿ ನಿಂತು ಕರೆದಳು.

ತನ್ನ ಹೆಸರು ಕೇಳಿ ತಾಯಿ ಎದ್ದು ಕೋಟು ತೊಟ್ಟಳು. "ಫೋಟೋದಲ್ಲಿ ನನ್ನ ಜಾಗದಲ್ಲೂ ಬ್ರೆಂಟ್ ಅವರಮ್ಮನ್ನೇ ನಿಲ್ಲಿಸ್ಕೋ," ಎಂದು ಬೀದಿಯ ಬಾಗಿಲು ತೆರೆದು ಹೊರಟಳು.

"ಬರ್ತಾಳೆ ಬಿಡಿ, ಕಾರಿನ ಕೀ ನನ್ನ ಹತ್ರ ಇದೆ," ಎಂದು ಮಗಳು ನಕ್ಕಳು.

ನರ್ಸ್ ಮತ್ತೊಮ್ಮೆ ಹೆಸರು ಕೂಗಿದಳು. ಕಿಟಕಿಯಾಚೆ, ತಾಯಿ ಹೋಗಿ ನಿಂತಿದ್ದ ನಿಲ್ದಾಣಕ್ಕೆ ಹಿಮದಲ್ಲಿ ಬಸ್ಸು ಬಂದು ನಿಂತು, ಹೊರಟುಹೋಯಿತು. ನಿಲ್ದಾಣದಲ್ಲಿ ಯಾರೂ ಉಳಿದಿರಲಿಲ್ಲ.