ಒಂದು ಬೆಲ್ ಅಂದರೆ ನಿಲ್ಲು

ದೀಪ ಸ್ವಲ್ಪ ಇಳಿಸಿ... ಸಾಕು.

ಇದು ನನ್ನ ದೊಡ್ಡಮ್ಮನ ಮಗ ಕದಿರಪ್ಪನಿಗೆ ಆದದ್ದು. ೧೯೩೮ರ ಮಾಘಮಾಸ, ಒಂದು ಶನಿವಾರ.

ಬಂಗಾರಪೇಟೆಯಿಂದ ಬೂದಿಕೋಟೆ ರಸ್ತೆ ಹಿಡಿದು ನಮ್ಮ ಹಳ್ಳಿಗೆ ಬರುವಾಗ ಒಂದು ಆಲದ ಮರ, ಅದರ ಪಕ್ಕದಲ್ಲಿ ಕಲ್ಲುಬಾವಿ ಸಿಗುತ್ತದೆ. ಕದಿರಪ್ಪ ಅಲ್ಲಿಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತಿದ್ದ. ಫ್ರೀವೀಲಿನ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ.

ಬಾವಿ ದಾಟಿದ.

ಹಿಂದೆ... ಟ್ರಿಣ್.

ಒಂದೇ ಸಲ. ಕದಿರಪ್ಪನ ಸೈಕಲ್ಲಿಗೆ ಬೆಲ್ ಇರಲಿಲ್ಲ. ಆರು ತಿಂಗಳ ಹಿಂದೆ ಅವನೇ ಬಿಚ್ಚಿ ಎಸೆದಿದ್ದ.

ಕಾರಣ ಇತ್ತು. ಆಗ ಅವನೂ ಅವನ ಗೆಳೆಯ ಕುಪ್ಪುಸ್ವಾಮಿಯೂ ನಂದಿದುರ್ಗದ ಚಿನ್ನದ ಗಣಿಯಲ್ಲಿ ಒಂದೇ ಗ್ಯಾಂಗು. ಆಳದಲ್ಲಿ ಕಲ್ಲು ಕೊರೆಯುವ ಕೆಲಸ. ಕಲ್ಲಿನ ಧೂಳು ಕುಡಿದು ಇಬ್ಬರಿಗೂ ಕೆಮ್ಮು ಹತ್ತಿತ್ತು. ಗಣಿಯೊಳಗಿಂದ ಕೂಗಿದರೆ ಮೇಲಕ್ಕೆ ಕೇಳುವುದಿಲ್ಲ, ಅಲ್ಲಿ ಬೆಲ್ಲೇ ಮಾತು. ಒಂದು ಹೊಡೆದರೆ ನಿಲ್ಲು. ಎರಡು ಹೊಡೆದರೆ ಹೊರಡು. ಒಂದು ಕೇಳಿಯೂ ನಿಲ್ಲದವನನ್ನು ಅಲ್ಲಿಯವರು ಕೊಲೆಗಾರ ಎನ್ನುತ್ತಾರೆ.

ಗಣಿಯ ಅಧಿಕಾರಿ, ಸೈಕಲ್ ಹುಚ್ಚಿನ ಒಬ್ಬ ಇಂಗ್ಲಿಷ್ ದೊರೆ ಪಂದ್ಯ ಇಟ್ಟ. ಮದರಾಸಿನಿಂದ ಪಾಂಡಿಚೇರಿಗೆ, ಸಮುದ್ರದ ದಂಡೆಗುಂಟ, ಹೆಚ್ಚುಕಡಿಮೆ ನೂರು ಮೈಲಿ. ಮೊದಲು ಮುಟ್ಟಿದವನಿಗೆ ನೆಲದ ಮೇಲೆ, ಉಗ್ರಾಣದಲ್ಲಿ ಕೆಲಸ. ಹೆಸರು ಕೊಟ್ಟವರು ಇವರಿಬ್ಬರೇ. ಇವರಿಗೆ ಅದು ಬಹುಮಾನ ಅಲ್ಲ, ಉಸಿರು.

ಹೊರಡುವ ದಿನ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮ ಗಂಡನ ಸೈಕಲ್ ಬೆಲ್ಲಿನ ಬುಡಕ್ಕೆ ಅರಿಶಿನದ ದಾರ ಸುತ್ತಿದಳು.

"ಲೇ ಕದಿರಾ, ಜತೇಲೇ ಮುಟ್ಟಾನ," ಎಂದ ಕುಪ್ಪುಸ್ವಾಮಿ. "ಕೆಲಸ ಯಾರ್ಗೆ ಅಂತ ಆಮೇಲೆ ಚೀಟಿ ಎತ್ತಾನ. ದಾರೀಲಿ ನಮ್ಮ ಗಣಿ ಬೆಲ್ಲೇ. ಒಂದು ಒಡದ್ರೆ ನಿಂತ್ಕೋಬೇಕು."

"ನಿನ್ನ ಲಡಾಸು ಗಾಡಿಗೆ ಕಾಯ್ತಾ ಕೂತ್ರೆ ನನ್ ಗಡ್ಡ ಬೆಳ್ಳಗಾಯ್ತದೆ ಕಣ್ಲಾ!"

ಮಾರಿಯಮ್ಮ ನಕ್ಕಳು. "ಬೆಳ್ಳಗಾದ್ರೂ ಪರ್ವಾಗಿಲ್ಲ. ಇವ್ರನ್ನ ಬಿಟ್ಬಿಟ್ಟು ಬರ್ಬೇಡಣ್ಣಾ."

ಬಂದವನು ಕದಿರಪ್ಪ ಒಬ್ಬನೇ. ದಾರಿಯಲ್ಲಿ ಒಂದು ಉಪ್ಪುನೀರಿನ ಅಳಿವೆ, ಅದನ್ನು ದಾಟಿ ತಿರುಗಿ ನೋಡಿದರೆ ಆಸಾಮಿ ಇರಲಿಲ್ಲ ಎಂದ. ಹೆಣವೂ ಸಿಗಲಿಲ್ಲ, ಸೈಕಲ್ಲೂ ಸಿಗಲಿಲ್ಲ. ಉಗ್ರಾಣದ ಕೆಲಸ ಕದಿರಪ್ಪನಿಗಾಯಿತು.

"ಇವ್ರು ಬೆಲ್ಲು ಒಡೀಲಿಲ್ವಾಣ್ಣಾ?"

"ಇಲ್ಲಮ್ಮ."

ಪ್ರತಿ ಭಾನುವಾರ ಮಾರಿಯಮ್ಮ ಇದನ್ನೇ ಕೇಳುತ್ತಿದ್ದಳು. ಕೇಳಿ, ಅವನಿಗೆ ಅನ್ನ ಬಡಿಸುತ್ತಿದ್ದಳು. ಗಂಡ ಬರುತ್ತಾನೆಂದು ತಾಳಿ ತೆಗೆದಿರಲಿಲ್ಲ.

ಈಗ ಆ ಶನಿವಾರಕ್ಕೆ ಬರೋಣ. ನಮ್ಮದು ಊರಿನ ಮೊದಲ ಮನೆ, ಬಾವಿಯಿಂದ ಇನ್ನೂರು ಗಜ. ನಾನು ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಕಾಲೇಜಿನ ರಸಾಯನಶಾಸ್ತ್ರ ಓದುತ್ತಿದ್ದೆ. ಆ ಬೆಲ್ ನನಗೂ ಕೇಳಿಸಿತು. ಯಾರೋ ಬರುತ್ತಿದ್ದಾರೆ ಎಂದುಕೊಂಡೆ. ಮುಂದಿನದು ಕದಿರಪ್ಪ ಹೇಳಿದ್ದು.

ಅವನು ನಿಲ್ಲಲಿಲ್ಲ. ಬೇಗ ಬೇಗ ಹೆಜ್ಜೆ ಹಾಕಿದ. ಬೆನ್ನ ಹಿಂದೆ ಇನ್ನೊಂದು ಫ್ರೀವೀಲು ಟಿಕ್ ಟಿಕ್ ಎಂದಿತು. ಜೊತೆಗೆ ಒದ್ದೆ ಟಯರು ಮಣ್ಣಿಗೆ ಅಂಟಿ ಬಿಡುವ ಸದ್ದು... ಚಪ್... ಚಪ್...

ಟ್ರಿಣ್.

ಈ ಸಲ ನಿಂತ. ತಿರುಗಲಿಲ್ಲ.

"ಕೇಳಿಸ್ತೇನ್ಲಾ, ಕದಿರಾ?" ಪಿಸುಮಾತು.

"ಕೇಳಿಸ್ತು."

"ಈಗಿಂದಲ್ಲ ಕಣ್ಲಾ... ಅವತ್ತು."

ಆರು ತಿಂಗಳಿಂದ ಹೇಳಿ ಹೇಳಿ ಪಳಗಿದ ಸುಳ್ಳು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ.

"ಕೇಳಿಸ್ತು. ಮೂರ್ಸಲ ಕೇಳಿಸ್ತು. ನೀರು ನಿನ್ನ ಎದೆಗಂಟ ಬಂದಿದ್ದೂ ನೋಡ್ದೆ... ನಾನೇ ನಿಲ್ಲಿಲ್ಲ."

ಬಾವಿಯೊಳಗೆ ಒಂದು ಹನಿ ಬಿತ್ತು.

"ಅವಳ್ಗೆ ಯೋಳು."

ಟ್ರಿಣ್, ಟ್ರಿಣ್.

ಎರಡು. ಹೊರಡು ಎಂದು. ಅದೂ ನನಗೆ ಜಗಲಿಗೆ ಕೇಳಿಸಿತು.

ಐದು ನಿಮಿಷದಲ್ಲಿ ಕದಿರಪ್ಪ ಲಾಟೀನಿನ ಬೆಳಕಿಗೆ ಬಂದ. ನಾನು ಹ್ಯಾಂಡಲ್ ನೋಡಿದೆ.

"ಅಣ್ಣಾ, ಬೆಲ್ ಯಾವಾಗ ಹಾಕಿಸ್ದೆ?"

ಅವನೂ ಆಗಲೇ ನೋಡಿದ್ದು. ಸೈಕಲ್ಲು ಕೈಬಿಟ್ಟು ಹಿಂದಕ್ಕೆ ಸರಿದ.

ಬೆಳಿಗ್ಗೆ ಇಬ್ಬರೂ ನಂದಿದುರ್ಗದ ಕೂಲಿ ಲೈನಿಗೆ, ಗಣಿಯಾಳುಗಳ ಸಾಲುಮನೆಗೆ, ಹೋದೆವು. ಭಾನುವಾರವಲ್ಲವೆ, ಮಾರಿಯಮ್ಮ ಅವನ ತಟ್ಟೆ ತೊಳೆದಿಟ್ಟಿದ್ದಳು. ಕದಿರಪ್ಪ ಒಂದೂ ಬಿಡದೆ ಹೇಳಿದ. ಬೆಲ್ ಮುಂದಿಟ್ಟ. ಅವಳು ಅಳಲಿಲ್ಲ. ಬುಡದ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಗಂಟು ನಂದೇ."

ಆಮೇಲೆ ತಲೆ ಎತ್ತಿದಳು. "ಆರು ತಿಂಗ್ಳು ನನ್ ಕೈಲಿ ಉಂಡೆಯಲ್ಲಣ್ಣಾ... ಉಪ್ಪು ಸರಿಯಾಗಿತ್ತಾ?"

ತಟ್ಟೆಯನ್ನು ಬೋರಲು ಹಾಕಿ ಒಳಗೆ ಹೋದಳು. ಕದಿರಪ್ಪ ಸೋಮವಾರ ಉಗ್ರಾಣ ಬಿಟ್ಟು ಮತ್ತೆ ಗಣಿಗಿಳಿದ. ಎರಡು ವರ್ಷ ಬದುಕಿದ.

ಬೆಲ್ ಅವಳಿಗೆ ಬೇಡವಾಗಿತ್ತು. ನನ್ನ ಹತ್ತಿರ ಉಳಿಯಿತು. ಶುದ್ಧ ನೀರಿನಲ್ಲಿ ತೊಳೆದು, ಆ ನೀರಿಗೆ ಉಪ್ಪಿದ್ದರೆ ತೋರಿಸುವ ಸಿಲ್ವರ್ ನೈಟ್ರೇಟ್ ಹಾಕಿದೆ. ಮೊಸರಿನಂತೆ ಬಿಳಿ ಗಷ್ಟು ಕೂತಿತು. ನಮ್ಮ ಬಾವಿಯ ನೀರಿಗೂ ಹಾಕಿದೆ. ಬರೀ ಮಬ್ಬಾಯಿತು. ಬೆಲ್ಲಿನಲ್ಲಿದ್ದದ್ದು ಉಪ್ಪು. ಆದರೆ ಉಪ್ಪು ಯಾರು ಬೇಕಾದರೂ ಸವರಬಹುದು, ಅದನ್ನು ಸಾಕ್ಷಿ ಎನ್ನಲಾರೆ.

ಆಮೇಲೆ ಬೆಲ್ಲನ್ನು ಬಿಚ್ಚಿದೆ. ಒಳಗೆ ಸ್ಪ್ರಿಂಗು ತುಕ್ಕು ತಿಂದು ತುಂಡಾಗಿದೆ. ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿ ಗಟ್ಟಿಯಾಗಿವೆ.

ಆ ರಾತ್ರಿ ನಾನು ಕೇಳಿದ್ದು ಒಟ್ಟು ನಾಲ್ಕು ಸಲ. ಎಣಿಸಿದ್ದೇನೆ. ಇದು ನಡೆದದ್ದು. ಬೆಲ್ ಅಗೋ, ಆ ಗೂಡಿನಲ್ಲಿದೆ... ಒತ್ತಿ ನೋಡಿ.