ಗುಲಾಬಿ ಸೋಪಿನ ಅರ್ಧ ಪಾಲು

ಇದು ನಮ್ಮ ಪಕ್ಕದ ಮನೆಯ ಲಾಂಡ್ರಿಯಮ್ಮನಿಗೆ ಆದದ್ದು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ರೋಗಿಗಳ ಹೊದಿಕೆ ಒಗೆದವಳು ಅವಳು. ಆವತ್ತು ಕೆಲಸದ ಕಡೇ ದಿನ. ಭಾಷಣ, ಫೋಟೊ ಎಲ್ಲ ಮುಗಿದು ಹೊರಟಾಗ ರಾತ್ರಿ ಹತ್ತು ದಾಟಿತ್ತು. ಕೈಯಲ್ಲಿ ಇನ್ನೂ ಬ್ಲೀಚಿನ ವಾಸನೆ. ಬೀದಿಯ ತಿರುವಿನಲ್ಲಿ ಹಳೇ ಬಾವಿ ಇದೆಯಲ್ಲ, ಅದಕ್ಕೆ ಜಾಲರಿ ಹೊದಿಸಿ, ರಾಟೆ ಕಿತ್ತು ಎಷ್ಟೋ ಕಾಲವಾಯಿತು.

ಕಿರ್ರ್... ಕಿರ್ರ್...

ರಾಟೆಯ ಸದ್ದು! ಆಮೇಲೆ ಕೊಡ ನೀರಿಗೆ ಬಿದ್ದ ಸದ್ದು, ಬುಡುಂ. ಆಮೇಲೆ ಕಿವಿಯ ಹತ್ತಿರವೇ...

"ಅಕ್ಕಾ, ಇವತ್ತಾ?"

ಅವಳು ಗಕ್ಕನೆ ನಿಂತಳು. ಆ ಮಾತು ಕೇಳಿ ಐವತ್ತು ವರ್ಷ ದಾಟಿತ್ತು.

ವಿಷಯ ಇಷ್ಟೇ. ಅವಳಿಗೆ ಒಂಬತ್ತು, ತಂಗಿಗೆ ಆರು ವರ್ಷವಿದ್ದಾಗ ಸೋದರತ್ತೆ ಒಂದು ಗುಲಾಬಿ ಸೋಪು ತಂದುಕೊಟ್ಟಿದ್ದಳು. ಹೂವಿನ ಆಕಾರದ್ದು. "ಇಬ್ಬರೂ ಅರ್ಧರ್ಧ" ಅಂದಿದ್ದಳು. ಅಕ್ಕ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ಇದೇ ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ಕೂತಾಗಲೆಲ್ಲ ತಂಗಿ ಕೇಳುತ್ತಿದ್ದಳು, "ಅಕ್ಕಾ, ಇವತ್ತಾ?" "ನಾಳೆ ಕಣೇ" ಅನ್ನುತ್ತಿದ್ದಳು ಇವಳು. ಒಂದು ದಿನ ತಂಗಿಗೆ ಜ್ವರ ಬಂತು. ನಾಲ್ಕೇ ದಿನ... ಮುಗಿಯಿತು. ಆ ಸೋಪನ್ನು ಮುಟ್ಟಲು ಇವಳಿಗೆ ಮತ್ತೆ ಮನಸ್ಸೇ ಬರಲಿಲ್ಲ.

"ಹೂಂ... ಇವತ್ತೇ," ಅಂದುಬಿಟ್ಟಳು ಬಾವಿಯ ಕಡೆ ತಿರುಗಿ. ಹೆದರಿಕೆಗೋ, ಆಸೆಗೋ, ಅವಳಿಗೇ ಗೊತ್ತಿಲ್ಲ.

ಮನೆಗೆ ಬಂದು ಟ್ರಂಕು ತೆಗೆದಳು. ಸುತ್ತಿದ್ದ ಕಾಗದ ಬೆರಳಲ್ಲೇ ಪುಡಿಯಾಯಿತು. ಸೋಪು ಮಾತ್ರ ನಿನ್ನೆ ತಂದ ಹಾಗಿತ್ತು. ನೀರು ಬಿದ್ದದ್ದೇ ತಡ, ಬಚ್ಚಲೆಲ್ಲ ಘಮ್ಮೆಂದಿತು. ಜೀವಮಾನದ ಬ್ಲೀಚಿನ ವಾಸನೆ ಕೈಬಿಟ್ಟು ಹೋಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಳು ಬಂತು. ಆದರೂ ಒಂದೇ ಸಲ ಸವರಿಕೊಂಡು ಎತ್ತಿಟ್ಟಳು. ಹಳೇ ಚಾಳಿ, ಎಲ್ಲಿ ಹೋಗುತ್ತದೆ!

ಮಲಗಿ ಕಣ್ಣು ಮುಚ್ಚಿದ್ದಳಷ್ಟೇ.

ಟಕ್... ಬಚ್ಚಲ ಚಿಲಕ. ಒಳಗಿನಿಂದ.

ಚೊಂಬಿನ ನೀರು, ಧೊಳ್... ಧೊಳ್... ಆಮೇಲೆ ನೊರೆ ಉಜ್ಜುವ ಸದ್ದು, ಪಿಚ ಪಿಚ ಪಿಚ.

ಅವಳು ತಡವರಿಸುತ್ತಾ ಹೋಗಿ ಬಾಗಿಲಿಗೆ ಕೆನ್ನೆ ಇಟ್ಟಳು. ಸೋಪು ಮುಗಿದರೆ ತಂಗಿಯೂ ಹೋಗುತ್ತಾಳೆ ಅಂತ ಅವಳಿಗೆ ಹೇಗೋ ಹೊಳೆದಿತ್ತು.

"ಸಾಕು ಕಣೇ... ಮುಗಿದೋಗತ್ತೆ," ಎಂದು ಪಿಸುಗುಟ್ಟಿದಳು.

"ಇನ್ನೂ ಇದೆಯಲ್ಲ ಅಕ್ಕಾ..."

ಪಿಚ ಪಿಚ ಪಿಚ. ಸದ್ದು ನಿಂತಿತು.

"ಅಕ್ಕಾ... ಕಣ್ಣು ಉರೀತಿದೆ. ನೀರು ಹಾಕು."

ತಂಗಿಯ ಕಣ್ಣಿಗೆ ಯಾವತ್ತೂ ನೀರು ಹಾಕುತ್ತಿದ್ದವಳು ಇವಳೇ. ಅಡುಗೆಮನೆಗೆ ಓಡಿ ಚೊಂಬು ತುಂಬಿಸಿ ತಂದಳು.

"ಚಿಲಕ ತೆಗಿಯೇ ಪುಟ್ಟೀ!"

"ಕಾಣ್ತಿಲ್ಲ ಅಕ್ಕಾ... ಉರಿ... ಬೇಗ..."

ಭುಜ ಕೊಟ್ಟು ನೂಕಿದಳು. ಒದ್ದಳು. ಉಗುರಲ್ಲಿ ಕೆರೆದಳು. ಒಂದು ಚೂರು ಚಿಲಕ, ಅದೂ ಸಡಿಲ ಚಿಲಕ, ಅಲ್ಲಾಡಲಿಲ್ಲ. ಒಳಗೆ ಬಿಕ್ಕುವ ಸದ್ದು ಬಹಳ ಹೊತ್ತು ಬರುತ್ತಿತ್ತು. ತುಂಬಿದ ಚೊಂಬು ಹಿಡಿದು ಅವಳು ಹೊಸ್ತಿಲಲ್ಲೇ ಕೂತಿದ್ದಳು. ಇನ್ನೇನು ಮಾಡಿಯಾಳು?

ಬೆಳಕು ಹರಿದಾಗ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ಯಾರೂ ಇಲ್ಲ. ನೆಲ ಒಣಗಿತ್ತು. ಗುಲಾಬಿ ಸೋಪು ಮುಗಿಯುತ್ತ ಬಂದಿತ್ತು. ಉಳಿದ ಚೂರನ್ನು ಯಾರೋ ಅವಳ ಹಳದಿ ಬಟ್ಟೆ ಸೋಪಿಗೆ ಒತ್ತಿ ಅಂಟಿಸಿದ್ದರು, ನಾವೆಲ್ಲ ಮಾಡುತ್ತೇವಲ್ಲ, ಹಾಗೇ. ಮೇಲೆ ಒಂದು ಹೆಬ್ಬೆಟ್ಟಿನ ಗುರುತು. ಅದರೊಳಗೆ ನನ್ನ ಕಿರುಬೆರಳೂ ಕೂರುವುದಿಲ್ಲ. ಇಟ್ಟು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅವಳು ಮರುದಿನವೇ ಆ ಚಿಲಕ ಕೀಳಿಸಿದಳು. ಆ ಸೋಪನ್ನು ಇವತ್ತಿನವರೆಗೂ ಮುಟ್ಟಿಲ್ಲ. ಆದರೆ ನಾನು ಹೋದಾಗಲೆಲ್ಲ ನೋಡುತ್ತೇನೆ... ಅದು ಒದ್ದೆಯಾಗಿಯೇ ಇರುತ್ತದೆ.